ಕೋಡಿ ಬಿದ್ದ ರಾತ್ರಿ

ಹಿರಿಯೂರಿನವರನ್ನು ಯಾರನ್ನೇ ಆಗಲಿ, 2022ರ ಸೆಪ್ಟೆಂಬರ್ ಮೊದಲ ವಾರ ಎಲ್ಲಿದ್ದಿರಿ ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ. ವಾಣಿವಿಲಾಸ ಸಾಗರ ಕೋಡಿ ಬಿದ್ದ ವಾರ ಅದು. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು 1933ರಲ್ಲೊಮ್ಮೆ ತುಂಬಿ ಹರಿದಿತ್ತು. ಆಮೇಲೆ 89 ವರ್ಷ ಇಲ್ಲವೇ ಇಲ್ಲ. ನಮ್ಮಪ್ಪನ ಕಾಲದವರು ಕೋಡಿ ಇರುವ ಜಾಗ ನೋಡಿದ್ದರೇ ಹೊರತು ಅಲ್ಲಿ ನೀರು ಬಿದ್ದದ್ದನ್ನು ನೋಡಿರಲಿಲ್ಲ.

ಲಾಕ್‌ಡೌನಿನಲ್ಲಿ ಊರಿಗೆ ಬಂದವನು ನಾನು, ಬೆಂಗಳೂರಿಗೆ ವಾಪಸ್ ಹೋಗದೆ ಹಿರಿಯೂರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಹಗಲೆಲ್ಲ ಕಂಪನಿಯ ಬಿಲ್ಲಿಂಗ್ ಆ್ಯಪ್. ರಾತ್ರಿ ಊಟ ಆದಮೇಲೆ ನನ್ನದೇ ಒಂದು ಸಣ್ಣ ಆ್ಯಪ್. ಅದರಲ್ಲಿ ಇದ್ದದ್ದು ಸಾಗರದ ಆ ದಿನದ ನೀರಿನ ಮಟ್ಟ, ಭೀಮಸಮುದ್ರದ ಅಡಿಕೆ ರೇಟು, ಅಷ್ಟೇ. ಕುಡಿಯುವ ನೀರಿಗೆ ಸಾಗರವನ್ನೇ ನಂಬಿದ ಹಿರಿಯೂರು, ಚಿತ್ರದುರ್ಗದವರು ಮಟ್ಟ ನೋಡುತ್ತಿದ್ದರು, ಹೊಳಲ್ಕೆರೆಯ ತೋಟದವರು ರೇಟು. ಹಳೇ ಫೋನಿನಲ್ಲೂ ಓಡಲಿ ಎಂದು ಒಂದು ನೀಲಿ ಪಟ್ಟಿ, ದಪ್ಪ ಅಂಕಿ ಬಿಟ್ಟು ಬೇರೇನೂ ಹಾಕಿರಲಿಲ್ಲ. ನೆಟ್‌ವರ್ಕ್ ಹೋದರೂ ಹಿಂದಿನ ದಿನದ ಲೆಕ್ಕ ಫೋನಿನಲ್ಲೇ ಉಳಿಯುತ್ತಿತ್ತು. ಕಂಪನಿಯ ಆ್ಯಪ್ ಬಳಸುವವರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಇದನ್ನು ಬಳಸುವವರು ಟೀ ಅಂಗಡಿಯಲ್ಲಿ ಸಿಕ್ಕಿ, "ಇವತ್ತಿಂದು ಇನ್ನೂ ಹಾಕಿಲ್ವಲ್ಲಪ್ಪಾ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಎಂಥದೋ ಹುರುಪು.

ಆ ವಾರ ಮಟ್ಟ 130 ಅಡಿಗೆ ಬಂತು. ಮಳೆಯ ಜೊತೆ ಭದ್ರಾ ಮೇಲ್ದಂಡೆಯ ನೀರೂ ಸೇರಿತ್ತು. ಗಣೇಶನ ಪೆಂಡಾಲುಗಳಲ್ಲಿ ಬೇರೆ ಮಾತೇ ಇಲ್ಲ. ರಾತ್ರಿ ಗೆಳೆಯರು ಕೋಡಿಯ ಹತ್ತಿರ ನಿಂತು ವಿಡಿಯೊ ಕಳಿಸಿದರು. ನಾನು ಎಲ್ಲರ ಫೋನಿಗೂ ಹೋಗುವ ನೋಟಿಫಿಕೇಶನ್ ಟೈಪ್ ಮಾಡಿದೆ: "ಸಾಗರ ಕೋಡಿ ಬಿತ್ತು! ಎಲ್ಲರಿಗೂ ಶುಭಾಶಯ." ಇನ್ನೇನು ಕಳಿಸಬೇಕು, ಹೊಸದುರ್ಗ ಕಡೆಯ ಮಾವನ ಫೋನ್ ಬಂತು.

"ಏನೋ, ನಿಮ್ಮೂರಾಗೆ ಪಟಾಕಿ ಹೊಡೀತಾವ್ರಂತೆ?"

"ಹೂಂ ಮಾವ, ಕೋಡಿ ಬಿತ್ತು."

"ಇಲ್ಲಿ ತೆಂಗಿನ ತೋಟಕ್ಕೆ ನೀರು ನುಗ್ಗೈತೆ ಕಣೋ. ಮೋಟ್ರು ಬಿಚ್ಕಂಡು ಬಂದ್ವಿ. ಹೊಲದ ದಾರಿನೂ ಮುಳುಗೈತೆ. ನಾಳೆ ಇನ್ನೆಷ್ಟು ಏರ್ತದೆ, ನಿನ್ ಆ್ಯಪ್ನಾಗೆ ಗೊತ್ತಾಗಲ್ವಾ?"

ಮಾವ ಸಿಟ್ಟಿನಿಂದ ಕೇಳಿದ್ದಲ್ಲ. ಉತ್ತರ ಬೇಕಿತ್ತು ಅವರಿಗೆ. ತಲೆಮಾರುಗಳಿಂದ ನೀರು ಕಾಣದ ನೆಲ, ಇನ್ನೆಲ್ಲಿ ಬಂದೀತು ಎಂದು ನಂಬಿ ಹಿನ್ನೀರಿನ ಅಂಚಿನವರು ತೋಟ ಕಟ್ಟಿದ್ದರು. ನಮ್ಮೂರು ಕುಣಿಯುತ್ತಿದ್ದ ಹೊತ್ತಿಗೆ ಅವರು ಕತ್ತಲಲ್ಲಿ ಟಾರ್ಚ್ ಹಿಡಿದು ದನ ಬಿಚ್ಚುತ್ತಿದ್ದರು.

ಅಡಿಕೆ ರೇಟು ಬೇಕಾದವರಿಗಷ್ಟೇ ಹೋಗಲಿ ಎಂದು ಆ್ಯಪ್ ಹಾಕಿಕೊಳ್ಳುವಾಗಲೇ ತಾಲ್ಲೂಕು ಕೇಳುತ್ತಿದ್ದೆ. ಆ ಏರ್ಪಾಡು ಅವತ್ತು ಕೆಲಸಕ್ಕೆ ಬಂತು. ಶುಭಾಶಯ ಅಳಿಸಿದೆ. ಹೊಸದುರ್ಗದವರಿಗೆ: ಮಟ್ಟ ಇಷ್ಟು, ನಿನ್ನೆಯಿಂದ ಏರಿದ್ದು ಇಷ್ಟು, ಮೋಟ್ರು, ದನ ಮೇಲಕ್ಕೆ ಸಾಗಿಸಿ. ಹಿರಿಯೂರಿನವರಿಗೆ: ಕೋಡಿ ಬಿದ್ದಿದೆ, ವೇದಾವತಿ ದಂಡೆಯವರು ಹುಷಾರು.

ಮರುದಿನದಿಂದ ಮಾವನ ಊರಿನ ಹುಡುಗರು ಯಾವ ದಾರಿ ಮುಳುಗಿದೆ ಎಂದು ಫೋಟೊ ಕಳಿಸತೊಡಗಿದರು. ಅದಕ್ಕೆಂದೇ 'ಹಿನ್ನೀರು' ಎಂಬ ಪುಟ ಸೇರಿಸಿದೆ. ತಿಂಗಳುಗಟ್ಟಲೆ ಬುಡದಲ್ಲಿ ನೀರು ನಿಂತು ಗರಿ ಹಳದಿಯಾದ ತೆಂಗಿನ ಮರಗಳ ಫೋಟೊಗಳೂ ಬಂದವು. ಅವನ್ನೂ ಹಾಕಿದೆ, ನಮ್ಮೂರಿನವರು ನೋಡಲೇಬೇಕು ಅನ್ನಿಸಿತ್ತು.

2025ರ ಜನವರಿಯಲ್ಲಿ ಸಾಗರ ಮೂರನೇ ಸಲ ಕೋಡಿ ಬಿತ್ತು. ಆ ಸಲ ಹೊಸದುರ್ಗದ ಸಂದೇಶ ಹೋದದ್ದು ಕೋಡಿ ಬೀಳುವುದಕ್ಕೆ ಮೊದಲೇ. ಫೋನ್ ಮಾಡಿದರೆ ಮಾವ ಮೋಟ್ರು ಬಿಚ್ಚಿ ಜಗಲಿ ಮೇಲಿಟ್ಟಾಗಿತ್ತು.