ತ್ರಿವೇಣಿ: ಮನದ ಒಳಮನೆಯ ಕಥನ

ಮಂಡ್ಯವೆಂದೊಡನೆ ಕಬ್ಬಿನ ಗದ್ದೆ, ನಾಲೆಯ ನೀರು, ಸಕ್ಕರೆ ಕಾರ್ಖಾನೆಗಳು ಕಣ್ಮುಂದೆ ಬರುತ್ತವೆ. ಆದರೆ 1933ರಲ್ಲಿ ಆ ಕಾರ್ಖಾನೆ ತಲೆಯೆತ್ತುವ ಮೊದಲೇ, 1928ರ ಸೆಪ್ಟೆಂಬರ್ 1ರಂದು, ಅಲ್ಲಿ ಜನಿಸಿದವರು ಅನಸೂಯಾ ಶಂಕರ್. ಓದುಗರು ಅವರನ್ನು ಬಲ್ಲುದು ತ್ರಿವೇಣಿ ಎಂಬ ಕಾವ್ಯನಾಮದಿಂದ. ಬಿ.ಎಂ.ಶ್ರೀ. ಅವರಿಗೆ ದೊಡ್ಡಪ್ಪ; ತಂಗಿ ಆರ್ಯಾಂಬ ಪಟ್ಟಾಭಿಯವರೂ ಕಾದಂಬರಿಕಾರ್ತಿ. ಸಾಹಿತ್ಯದ ಗಾಳಿ ಮನೆತನದಲ್ಲಿಯೇ ಬೀಸುತ್ತಿತ್ತು.

ಆದರೂ ತ್ರಿವೇಣಿಯವರ ಪ್ರತಿಭೆಗೆ ದಿಕ್ಕು ತೋರಿದ್ದು ಮೈಸೂರಿನಲ್ಲಿ ಅವರು ಅಭ್ಯಸಿಸಿದ ಮನಃಶಾಸ್ತ್ರ. 1953ರಲ್ಲಿ ಮೊದಲ ಕಾದಂಬರಿ 'ಅಪಸ್ವರ' ಪ್ರಕಟವಾಯಿತು. ಅಲ್ಲಿಂದ ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನೂ ಅನೇಕ ಸಣ್ಣಕತೆಗಳನ್ನೂ ಅವರು ಬರೆದರು. ಹೆಣ್ಣಿನ ಮನೋವ್ಯಾಧಿಯನ್ನು ಗ್ರಹಚಾರವೆಂದೋ ದೆವ್ವದ ಚೇಷ್ಟೆಯೆಂದೋ ಬಗೆಯುತ್ತಿದ್ದ ಕಾಲದಲ್ಲಿ, ಅದಕ್ಕೆ ಕಾರಣವುಂಟು, ಚಿಕಿತ್ಸೆಯೂ ಉಂಟು ಎಂದು ಕತೆಯ ಮೂಲಕ ತಿಳಿಸಿದ್ದು ಅವರ ಹೆಚ್ಚುಗಾರಿಕೆ.

'ಶರಪಂಜರ'ದ ಕಾವೇರಿ ಇದಕ್ಕೆ ಸಾಕ್ಷಿ. ಹೆರಿಗೆಯ ಬಳಿಕ ಅವಳ ಚಿತ್ತ ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವೂ ಆಗುತ್ತದೆ. ದುರಂತ ಮೊದಲಾಗುವುದು ಅನಂತರ. ವೈದ್ಯರು ಗುಣವಾಯಿತೆಂದರೂ ಮನೆಯವರ ಕಣ್ಣಿಗೆ ಅವಳು ಹುಚ್ಚಿಯೇ. ಆ ಸಂಶಯದ ನೋಟಗಳೇ ಅವಳನ್ನು ಸುತ್ತುವರಿದ ಶರಗಳು. ರೋಗಕ್ಕಿಂತ ಸಮಾಜದ ನೋಟವೇ ಕ್ರೂರವೆಂಬ ಅರಿವು ಈ ಕೃತಿಯ ತಿರುಳು. 'ಬೆಳ್ಳಿ ಮೋಡ'ದ ಇಂದಿರೆಯ ಬಗೆ ಬೇರೆ: ತನ್ನ ಆಸ್ತಿಯನ್ನು ಮೆಚ್ಚಿದ್ದವನು ಕಡೆಗೆ ತನ್ನನ್ನೇ ಬಯಸಿ ಬಂದಾಗ ಅವಳು ನಿರಾಕರಿಸುತ್ತಾಳೆ. ಒಬ್ಬಳು ಮುರಿಯುತ್ತಾಳೆ, ಇನ್ನೊಬ್ಬಳು ನಿಲ್ಲುತ್ತಾಳೆ. ಲೇಖಕಿ ಇಬ್ಬರನ್ನೂ ಅದೇ ಸಮಚಿತ್ತದಿಂದ ಕಂಡಿದ್ದಾರೆ.

1963ರ ಜುಲೈ 29ರಂದು, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ತ್ರಿವೇಣಿ ತೀರಿಕೊಂಡರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ಬೆಳ್ಳಿ ಮೋಡ' 1967ರಲ್ಲಿ, 'ಶರಪಂಜರ' 1971ರಲ್ಲಿ ತೆರೆಗೆ ಬಂದವು. ಎರಡರಲ್ಲಿಯೂ ಕಲ್ಪನಾ ನಾಯಕಿ. ಈ ಚಿತ್ರಗಳು ಲೇಖಕಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿದವು. ಜೊತೆಗೆ 'ಜನಪ್ರಿಯ ಕಾದಂಬರಿಕಾರ್ತಿ' ಎಂಬ ಪಟ್ಟವನ್ನೂ ಬಲಪಡಿಸಿದವು. ಆ ಪಟ್ಟ ಅನೇಕ ವೇಳೆ ವಿಮರ್ಶೆಯಿಂದ ದೂರವಿಡುವ ಉಪಾಯವೂ ಆಗುತ್ತದೆ. ಗೃಹಿಣಿಯರು ಬಿಡುವಿನಲ್ಲಿ ಓದಿದರೆಂಬ ಕಾರಣಕ್ಕೆ ಕೃತಿಯೊಂದು ಹಗುರವಾಗದು. ಯಾರ ಸಂಕಟವನ್ನು ಬರೆದರೋ ಅವರೇ ಅದನ್ನು ಓದಿದರೆಂಬುದು ಬರಹಕ್ಕೆ ದೊರೆತ ಮನ್ನಣೆ. ನವ್ಯದ ಅಂತರ್ಮುಖತೆಯನ್ನು ಚರ್ಚಿಸುವ ಸಂಶೋಧಕರು ಅಡುಗೆಮನೆಯ ಅಂತರಂಗವನ್ನು ಅದಕ್ಕೂ ಮೊದಲೇ ತೆರೆದ ಈ ಲೇಖನಿಯನ್ನು ಮರಳಿ ಓದಬೇಕಾಗಿದೆ.