ನಿಕೊಲಾಯ್ ಮೆಟ್ನರ್ ಅವರಿಗೆ, ಮೈಸೂರು ಸೀಮೆಯಿಂದ

ಮಾನ್ಯ ಮೆಟ್ನರ್ ಅವರೇ,

ವಾದ್ಯವೃಂದದೊಡನೆ ನುಡಿಸುವ ನಿಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ನಮ್ಮ ಮಹಾರಾಜ ಜಯಚಾಮರಾಜ ಒಡೆಯರಿಗೆ ಅರ್ಪಿಸಿದ್ದೀರಿ. ಆ ನಂಟಿನ ಸಲುಗೆಯಿಂದ ಈ ಕಾಗದ.

ಮಾಸ್ಕೋದಲ್ಲಿ ಹುಟ್ಟಿ ಬೆಳೆದ ರಚನಕಾರರೂ ಪಿಯಾನೊ ವಾದಕರೂ ಆದ ನೀವು 1921ರಲ್ಲಿ ಪತ್ನಿ ಅನ್ನಾ ಅವರೊಡನೆ ರಷ್ಯಾ ಬಿಟ್ಟಿರಿ. ಜರ್ಮನಿ, ಫ್ರಾನ್ಸ್, ಕಡೆಗೆ ಲಂಡನ್. ನಿಮ್ಮಂತೆಯೇ ರಚನಕಾರರೂ ಪಿಯಾನೊ ವಾದಕರೂ ಆಗಿದ್ದ ಗೆಳೆಯ ರಾಖ್ಮನಿನೋವ್ ತಮ್ಮ ನಾಲ್ಕನೆಯ ಕಾನ್ಚೆರ್ಟೊವನ್ನು ನಿಮಗೆ ಅರ್ಪಿಸಿದರು, ನೀವು ನಿಮ್ಮ ಎರಡನೆಯದನ್ನು ಅವರಿಗೆ. ಅವರ ಕಛೇರಿಗಳಿಗೆ ಅಮೆರಿಕದಲ್ಲಿ ಜನ ಮುಗಿಬೀಳುತ್ತಿದ್ದಾಗ ನೀವು ಪಾಠ ಹೇಳಿ ಸಂಸಾರ ತೂಗಿಸುತ್ತಿದ್ದಿರಿ. ಹೊಸ ಸಂಗೀತದ ಗಾಳಿಗೆ ನೀವು ಬಾಗಲಿಲ್ಲ. 1935ರಲ್ಲಿ ಅದರ ವಿರುದ್ಧ ಪುಸ್ತಕವನ್ನೇ ಬರೆದಿರಿ. ಆ ಪುಸ್ತಕದ ಎಲ್ಲ ತೀರ್ಪುಗಳನ್ನೂ ನಾನು ಒಪ್ಪಲಾರೆ. ಆದರೆ ಮನಸ್ಸು ಒಪ್ಪದ ಒಂದು ಸ್ವರವನ್ನೂ ಬರೆಯಲಾರೆನೆಂಬ ನಿಮ್ಮ ಹಟಕ್ಕೆ ಕೈಮುಗಿಯುತ್ತೇನೆ. ಐದು ವಾದ್ಯಗಳ ಪಿಯಾನೊ ಕ್ವಿಂಟೆಟ್ ಒಂದನ್ನೇ ನಲವತ್ತಕ್ಕೂ ಹೆಚ್ಚು ವರ್ಷ ತಿದ್ದುತ್ತ ಕುಳಿತವರು ನೀವು. ಯುದ್ಧ ಬಂತು, ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಹೃದಯವೂ ಕೈಕೊಟ್ಟಿತು.

ಇತ್ತ ಮೈಸೂರಿನಲ್ಲಿ, 1940ರಲ್ಲಿ ತಂದೆಯನ್ನೂ ದೊಡ್ಡಪ್ಪನನ್ನೂ ಕಳೆದುಕೊಂಡು ಇಪ್ಪತ್ತೊಂದರ ಹರೆಯದಲ್ಲಿ ಪಟ್ಟಕ್ಕೆ ಬಂದ ಒಡೆಯರು ಪಿಯಾನೊ ಬಲ್ಲವರು. ಮುಂದೆ 'ಶ್ರೀವಿದ್ಯಾ' ಮುದ್ರೆಯಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಅವರೇ. ನಿಮ್ಮ ಸಂಗೀತವನ್ನು ಧ್ವನಿಮುದ್ರಿಸಿ ಉಳಿಸಲು ಅವರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್‌ಎಂವಿ ಕಂಪನಿ ನಿಮ್ಮನ್ನು ಮೈಕಿನ ಮುಂದೆ ಕೂರಿಸಿತು. 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮೂರು ಕಾನ್ಚೆರ್ಟೊಗಳನ್ನೂ ನೀವೇ ನುಡಿಸಿದಿರಿ. ಆಗ ನಿಮಗೆ 67 ವರ್ಷ. ಆಮೇಲೆ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ನಿಮ್ಮ ಗೀತೆಗಳನ್ನು ಹಾಡಿದಾಗ ಪಿಯಾನೊದ ಮುಂದೆ ಇದ್ದವರು ನೀವೇ.

ವಿದ್ವಾಂಸರಿಗೆ ಶಾಲು, ತೋಡಾ, ಖಿಲ್ಲತ್ತು ಕೊಟ್ಟ ದೊರೆಗಳು ನಮ್ಮಲ್ಲಿ ಬಹಳ. ರಚನಕಾರನ ಬೆರಳಿನಿಂದಲೇ ಅವನ ಸಂಗೀತ ಮುಂದಿನ ತಲೆಮಾರಿಗೆ ಕೇಳುವಂತೆ ಮಾಡಿದ ಈ ದಾನ ಅವೆಲ್ಲಕ್ಕಿಂತ ದೊಡ್ಡದು. ನಮ್ಮ ವೀಣೆಯ ಹಳೆಯ ಮಹಾನುಭಾವರಲ್ಲಿ ಎಷ್ಟು ಜನರ ನಾದ ಹೀಗೆ ಉಳಿದಿದೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಅದೇ ಒಡೆಯರ ನೆರವಿನಿಂದ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳನ್ನು ಒಪೆರಾ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿ ಹಾಡಿದರು.

1951ರ ನವೆಂಬರ್ 13ರಂದು ನೀವು ಹೋದಿರಿ. ನಿಮ್ಮ 14 ಪಿಯಾನೊ ಸೊನಾಟಾಗಳಲ್ಲಿ ಹೆಚ್ಚಿನವನ್ನು ನಿಮ್ಮ ಕೈಯಲ್ಲಿ ಕೇಳುವ ಭಾಗ್ಯ ನಮಗಿಲ್ಲ. ಮೈಸೂರಿನ ಹಣದಿಂದ ಉಳಿದ ನಿಮ್ಮ ನಾದಕ್ಕೆ ಮೈಸೂರಿನಲ್ಲೇ ಕೇಳುಗರು ತೀರ ಕಡಿಮೆ. ಇದು ಸಲ್ಲದು. ಒಡೆಯರ ಕೃತಿಗಳನ್ನು ಹಾಡುವವರಲ್ಲಿ, ನಮ್ಮೂರುಗಳಲ್ಲಿ ಪಿಯಾನೊ ಕಲಿಯುತ್ತಿರುವ ಮಕ್ಕಳಲ್ಲಿ ನನ್ನದೊಂದೇ ಬೇಡಿಕೆ: ಮೆಟ್ನರ್ ಅವರನ್ನು ಕೇಳಿ. 1947ರ ಆ ಮೂರನೆಯ ಕಾನ್ಚೆರ್ಟೊದಿಂದಲೇ ಶುರು ಮಾಡಿ.