ಬ್ಯಾಟರಿಗೂ ವಯಸ್ಸಾಗುತ್ತದೆ

ನಮ್ಮ ತಿಪಟೂರು ಸೀಮೆಯ ಹೆಂಗಸರಿಗೆ ಒಂದು ವಿದ್ಯೆ ಯಾರೂ ಕಲಿಸದೆ ಬಂದುಬಿಡುತ್ತದೆ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ನೀರು ಇನ್ನೂ ಇದೆಯೋ, ಒಣಗಿ ಉಂಡೆ ಕೊಬ್ಬರಿಯಾಗಿದೆಯೋ ಹೇಳಿಬಿಡುತ್ತೇವೆ. ಆದರೆ ಕರೆಂಟಿನ ಕಾರಿನ ಬ್ಯಾಟರಿಯನ್ನು ಅಲ್ಲಾಡಿಸಿ ನೋಡುವುದು ಹೇಗೆ?

ನನ್ನ ನಿವೃತ್ತಿಗೆ ಇನ್ನು ಎರಡು ವರ್ಷ. ತುರುವೇಕೆರೆಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಬಸ್ಸಿಗೆ ಕಾಯದೆ ನಾನೇ ಹೋಗಿಬರಬೇಕೆಂಬ ಆಸೆ. "ಕರೆಂಟಿನ ಕಾರು ತಗೊಳಮ್ಮ, ಪೆಟ್ರೋಲ್ ಖರ್ಚೇ ಇಲ್ಲ" ಎಂದಳು ಮಗಳು. "ನಾಲ್ಕು ದಿನಕ್ಕೆ ಬ್ಯಾಟರಿ ಸತ್ತರೆ ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಸುರಿ" ಎಂದರು ನಮ್ಮ ಮನೆಯವರು. ಮೇಷ್ಟರ ಚಾಳಿ ನೋಡಿ, ಇಬ್ಬರ ಮಾತನ್ನೂ ನಂಬದೆ ನಾನೇ ಓದಲು ಕುಳಿತೆ.

ಹೆದರಿಕೆ ಬುಡವಿಲ್ಲದ್ದೇನಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಬಂದ ರೇವಾ ಎಂಬ ಪುಟ್ಟ ಕಾರಿನಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕಿತ್ತು. ಆಮೇಲೆ ಲಿಥಿಯಂ ಬ್ಯಾಟರಿ ಬಂತು. 2012ರ ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾದಲ್ಲಿ ನಿಸಾನ್ ಲೀಫ್ ಕಾರು ಕೊಂಡವರು, ಬ್ಯಾಟರಿಯ ಸಾಮರ್ಥ್ಯ ತೋರಿಸುವ 12 ಗೆರೆಗಳು ಇಷ್ಟು ಬೇಗ ಒಂದೊಂದಾಗಿ ಮಾಯವಾಗುತ್ತಿವೆಯೆಂದು ದೂರಿದರು. ಅಲ್ಲಿಯದು ಮರುಭೂಮಿಯ ಬಿಸಿಲು. ಆ ಬ್ಯಾಟರಿಗೋ ದ್ರವ ಹರಿಸಿ ತಂಪು ಮಾಡುವ ಏರ್ಪಾಡಿರಲಿಲ್ಲ. ಕೊನೆಗೆ ಕಂಪನಿ ಸಾಮರ್ಥ್ಯಕ್ಕೂ ಖಾತರಿ ಕೊಡಬೇಕಾಯಿತು.

ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಸುಮ್ಮನೆ ನಿಲ್ಲಿಸಿದರೂ ಸವೆಯುತ್ತದೆ. ಒಳಗಿನ ಲಿಥಿಯಂನಲ್ಲಿ ಸ್ವಲ್ಪ ಸ್ವಲ್ಪವೇ ಒಂದು ಪದರದಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ಬಾರದಾಗುತ್ತದೆ. ಸಾಮಾನ್ಯವಾಗಿ ಮೊದಮೊದಲು ಇಳಿತ ಚುರುಕು, ಆಮೇಲೆ ನಿಧಾನ. ಅಟ್ಟದ ಸೆಕೆ ಕೊಬ್ಬರಿಗೆ ಹಿತ, ಬ್ಯಾಟರಿಗೆ ಶತ್ರು. ನೂರಕ್ಕೆ ನೂರು ತುಂಬಿಸಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದಂತೂ ಬೇಡವೇ ಬೇಡ. ದಿನಬಳಕೆಗೆ 80ರವರೆಗೆ ತುಂಬಿಸಿದರೆ ಸಾಕೆನ್ನುತ್ತಾರೆ. ಕೆಲವು ಜಾತಿಯ ಬ್ಯಾಟರಿಗೆ ಆಗಾಗ ಪೂರ್ತಿ ತುಂಬಿಸಬೇಕು. ಆದ್ದರಿಂದ ಕಾರಿನ ಜೊತೆ ಕೊಡುವ ಪುಸ್ತಕ ಓದಬೇಕು.

ಇನ್ನು ಲೆಕ್ಕ. ಒಮ್ಮೆ ತುಂಬಿಸಿದರೆ 250 ಕಿ.ಮೀ. ಓಡುವ ಕಾರು ಐದನೆಯ ಒಂದು ಪಾಲು ಶಕ್ತಿ ಕಳೆದುಕೊಂಡರೂ 200 ಉಳಿಯಿತಲ್ಲ! ತುರುವೇಕೆರೆಗೆ ಹೋಗಿಬರಲು ಸುಮಾರು 60 ಸಾಕು. ಐವತ್ತು ದಾಟಿದ ನಾವೂ ಮೊದಲಿನಷ್ಟು ಓಡುವುದಿಲ್ಲ. ಹಾಗೆಂದು ಮನೆಗೆಲಸ, ಪಾಠ ಯಾವುದು ನಿಂತಿದೆ, ನೀವೇ ಹೇಳಿ.

ಕಾರಿನ ಮಳಿಗೆಗೆ ಹೋದರೆ ಹುಡುಗ ಬಣ್ಣ ತೋರಿಸಿದ, ಹಾಡು ಕೇಳಿಸಿದ. "ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತೀರಿ? ಎಷ್ಟು ವರ್ಷ, ಎಷ್ಟು ಕಿಲೋಮೀಟರ್? ಮುಂದೆ ಮಾರಿದರೆ ಕೊಂಡವರಿಗೂ ಖಾತರಿ ಇರುತ್ತದೆಯೇ?" ಎಂದು ಕೇಳಿದೆ. "ಸರ್ ಬಂದಿಲ್ವಾ ಮೇಡಂ?" ಎಂದ. "ಸರ್ ಓಡಿಸೋದಿಲ್ಲ, ನಾನು ಓಡಿಸೋದು. ಕಾಗದ ತೋರಿಸಪ್ಪ" ಎಂದೆ.

ತೋರಿಸಿದ. 8 ವರ್ಷ, 1,60,000 ಕಿ.ಮೀ. ಷರತ್ತುಗಳ ಸಣ್ಣಕ್ಷರವನ್ನೂ ಕನ್ನಡಕ ಹಾಕಿಕೊಂಡು ಓದಿ ಮುಗಿಸಿದ ಮೇಲೆಯೇ ಮುಂಗಡ ಕೊಟ್ಟದ್ದು. ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

"ಬಸ್ಸು ಸಿಗಲಿಲ್ಲ ಅನ್ನೋ ನೆಪ ಇನ್ನು ನಡೆಯೋದಿಲ್ಲ ಬಿಡು" ಎಂದಳು.